ಬೆಣೆ, ಮೂಟೆ, ರಸಮಟ್ಟ

ತೀರ್ಥಹಳ್ಳಿ ಹತ್ತಿರದ ಒಂದು ಹಳೇ ತೊಟ್ಟಿ ಮನೆ. ಸಿನಿಮಾ ಶೂಟಿಂಗಿಗೆ ಅಂತ ಅಂಗಳದಲ್ಲಿ ಕ್ಯಾಮೆರಾ ಟ್ರಾಲಿ ಓಡುವ 24 ಅಡಿ ಟ್ರ್ಯಾಕ್ ಹಾಕಿ, ಮಟ್ಟ ಮಾಡಿ, ಮೇಲೆ ಟಾರ್ಪಾಲು ಹೊದಿಸಿ ರಾತ್ರಿ ಹತ್ತಕ್ಕೆ ಮಲಗಿದ್ದೆವು. ಬೆಳಗಿನ ಮೊದಲ ಬೆಳಕಿಗೇ ಶಾಟ್. ಆರೂಕಾಲಿಗೆ ಟ್ರಾಲಿ ತಳ್ಳಿದೆ. ಅರ್ಧ ದಾರಿ ಬರುವಷ್ಟರಲ್ಲಿ ಫ್ರೇಮ್ ಮೆಲ್ಲಗೆ ಎಡಕ್ಕೆ ವಾಲಿತು. ಕ್ಯಾಮೆರಾಮನ್ ಏನೂ ಹೇಳಲಿಲ್ಲ, ವ್ಯೂಫೈಂಡರಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. ಅಷ್ಟೇ ಸಾಕಾಗಿತ್ತು.

ರಾತ್ರಿ ಒಂದು ಸಣ್ಣ ಮಳೆ ಬಂದು ಹೋಗಿತ್ತು. ಸೆಗಣಿ ಸಾರಿಸಿದ ಅಂಗಳ ನೋಡೋಕೆ ಸಿಮೆಂಟಿನಷ್ಟು ಗಟ್ಟಿ. ಕೆಳಗಿರುವುದು ಮಾತ್ರ ಮಲೆನಾಡಿನ ಕೆಂಪು ಮಣ್ಣು. ಟ್ರ್ಯಾಕ್ ಮಟ್ಟ ಮಾಡೋಕೆ ಅಡಿಗೆ ಇಟ್ಟ ಎಡಬದಿಯ ಬೆಣೆಗಳು ಒಂದು ಬೆರಳು ಅಗಲದಷ್ಟು ಮಣ್ಣೊಳಗೆ ಇಳಿದಿದ್ದವು. ಟ್ರಾಲಿ, ಕ್ಯಾಮೆರಾ, ಕೂತ ಇಬ್ಬರು ಎಲ್ಲ ಸೇರಿ 250 ಕೆಜಿಗೆ ಕಮ್ಮಿ ಇರಲ್ಲ. ಅಷ್ಟೂ ಭಾರ ಅಂಗೈ ಅಗಲದ ಮರದ ತುಂಡುಗಳ ಮೇಲೆ ನಿಂತರೆ ಒದ್ದೆ ಮಣ್ಣು ಇನ್ನೇನು ಮಾಡುತ್ತೆ? ಟಾರ್ಪಾಲು ಹೊದಿಸಿದ್ದು ಟ್ರ್ಯಾಕಿಗೆ. ಅಕ್ಕಪಕ್ಕದ ಅಂಗಳದ ನೀರೆಲ್ಲ ಅದರಡಿಗೇ ಹರಿದು ಬಂದಿತ್ತು.

ಅವತ್ತಿನಿಂದ ನನ್ನ ಗಾಡಿಯಲ್ಲಿ ಒಂದಡಿ ಚೌಕದ ಪ್ಲೈವುಡ್ ತುಂಡುಗಳು ಮೂವತ್ತಾದರೂ ಇರುತ್ತವೆ. ಮಣ್ಣಿನ ನೆಲ ಅಂದರೆ ಮೊದಲು ಪ್ಲೈವುಡ್, ಅದರ ಮೇಲೆ ಬೆಣೆ, ಅದರ ಮೇಲೆ ಟ್ರ್ಯಾಕ್. ಬಿಸಿಲಿದ್ದರೂ ಅಷ್ಟೇ.

ನಾನು ಈ ಕೆಲಸಕ್ಕೆ ಬಂದದ್ದು ಟ್ರಾಲಿ ತಳ್ಳುವ ಹುಡುಗನಾಗಿ. ಈಗ ಒಂದು ಛೋಟಾ ಹಾಥಿ ಗಾಡಿ ತುಂಬುವಷ್ಟು ನನ್ನದೇ ಸಾಮಾನಿದೆ. ಸಣ್ಣ ಬಜೆಟ್ಟಿನ ಸಿನಿಮಾ, ಜಾಹೀರಾತು, ಸಾಕ್ಷ್ಯಚಿತ್ರಗಳಿಗೆ ಹೋಗುತ್ತೇನೆ. ಗ್ರಿಪ್ ಅಂದರೆ ಏನು ಅಂತ ಮನೆಯಲ್ಲಿ ಇವತ್ತಿಗೂ ಕೇಳುತ್ತಾರೆ. ಕ್ಯಾಮೆರಾ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸೋದು, ಎಲ್ಲಿ ಓಡಬೇಕೋ ಅಲ್ಲಿ ಓಡಿಸೋದು, ಯಾರ ತಲೆ ಮೇಲೂ ಏನೂ ಬೀಳದ ಹಾಗೆ ನೋಡಿಕೊಳ್ಳೋದು ಅಂತೀನಿ. ಯಾವ ಸಾಮಾನು ಮುಟ್ಟಿದರೂ ನನ್ನ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಇದರ ಭಾರ ಕೊನೆಗೆ ಎಲ್ಲಿಗೆ ಹೋಗಿ ಕೂರುತ್ತೆ?

ಟ್ರ್ಯಾಕ್ ಮಟ್ಟ ಮಾಡುವುದನ್ನು ಹೊಸ ಹುಡುಗರು ಒಂದು ತುದಿಯಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಮೂರನೇ ತುಂಡಿಗೆ ಬಂದಾಗ ಅಲ್ಲೊಂದು ದಿಬ್ಬ ಸಿಗುತ್ತಿತ್ತು. ನೆಲ ಅಗೆಯೋಕೆ ಆಗಲ್ಲ, ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಈಗ ಮೊದಲು ಟ್ರ್ಯಾಕನ್ನು ಸುಮ್ನೆ ನೆಲದ ಮೇಲೆ ಹಾಸಿಬಿಡುತ್ತೇನೆ. ಎಲ್ಲಿ ಅತಿ ಎತ್ತರ ಇದೆ ಅಂತ ಹುಡುಕುತ್ತೇನೆ. ಅಲ್ಲಿ ಬೆಣೆ ಇಡೋದಿಲ್ಲ, ಉಳಿದದ್ದನ್ನೆಲ್ಲ ಆ ಎತ್ತರಕ್ಕೆ ಎತ್ತಿಕೊಂಡು ಬರುತ್ತೇನೆ. ಮೊದಲು ಒಂದು ಕಂಬಿಯನ್ನು ಪೂರ್ತಿ ಉದ್ದಕ್ಕೆ ಮಟ್ಟ ಮಾಡಿ, ಆಮೇಲೆ ರಸಮಟ್ಟವನ್ನು ಎರಡೂ ಕಂಬಿಗಳ ಮೇಲೆ ಅಡ್ಡ ಇಟ್ಟು ಇನ್ನೊಂದನ್ನು ಅದಕ್ಕೆ ಸರಿ ಮಾಡುತ್ತೇನೆ. ಉದ್ದಕ್ಕೆ ಒಂಚೂರು ಇಳಿಜಾರಿದ್ದರೆ ತಳ್ಳುವ ಕೈ ಸಂಭಾಳಿಸುತ್ತೆ. ಅಡ್ಡಕ್ಕೆ ವಾಲಿದರೆ ಫ್ರೇಮಿನಲ್ಲಿ ಬಾಗಿಲು, ಕಂಬ, ಗೋಡೆ ಎಲ್ಲ ವಾಲುತ್ತವೆ. ಅದನ್ನು ಯಾವ ಕೈಯೂ ಮುಚ್ಚೋಕೆ ಆಗಲ್ಲ.

ದೂರದ ಮಟ್ಟಕ್ಕೆ ನಾನು ಗಾರೆ ಮೇಸ್ತ್ರಿಗಳ ನೀರಿನ ಪೈಪು ಇಟ್ಟುಕೊಂಡಿದ್ದೇನೆ. ಲೇಸರ್ ಮಟ್ಟವೂ ಇದೆ. ಮನೆಯೊಳಗೆ ಅದು ಬಂಗಾರ, ಹೊರಗೆ ಬಿಸಿಲಿನಲ್ಲಿ ಗೆರೆಯೇ ಕಾಣಲ್ಲ. ನೀರಿನ ಪೈಪಿಗೆ ಬಿಸಿಲು ಲೆಕ್ಕಕ್ಕಿಲ್ಲ, ಒಳಗೆ ಗಾಳಿಗುಳ್ಳೆ ಇಲ್ಲ ಅಂತ ನೋಡಿಕೊಂಡರೆ ಸಾಕು.

ಬೆಣೆ ಯಾವಾಗಲೂ ಜೋಡಿ. ಎದುರುಬದುರು ಇಟ್ಟು ಒಂದರ ಮೇಲೊಂದು ಜಾರಿಸಿದರೆ ಮೇಲ್ಮೈ ಚಪ್ಪಟೆಯಾಗಿಯೇ ಏರುತ್ತೆ. ಒಂಟಿ ಬೆಣೆ ತುರುಕಿದರೆ ಟ್ರ್ಯಾಕು ಅದರ ಒಂದು ಅಂಚಿನ ಮೇಲೆ ಮಾತ್ರ ಕೂರುತ್ತೆ, ಎರಡು ಟೇಕ್ ಆದ ಮೇಲೆ ಜಾರುತ್ತೆ. ಕಂಬಿಯ ಜಾಯಿಂಟ್ ಪಕ್ಕದಲ್ಲಿ ಎರಡೂ ಕಡೆ ಆಧಾರ ಕೊಡಬೇಕು. ಇಲ್ಲದಿದ್ದರೆ ಚಕ್ರ ದಾಟುವಾಗ 'ಟಕ್' ಅನ್ನುತ್ತೆ. ಮೊದಲು ಡಬ್ಬಿಂಗ್ ಕಾಲದಲ್ಲಿ ಆ ಸದ್ದು ಯಾರಿಗೂ ಬೇಕಿರಲಿಲ್ಲ, ಕ್ಯಾಮೆರಾ ಅಲುಗದಿದ್ದರೆ ಆಯ್ತು. ಈಗ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಮಾಡುವಾಗಲೇ ಸದ್ದೂ ರೆಕಾರ್ಡ್ ಆಗುತ್ತೆ. ಒಂದು ಟಕ್ ಕೇಳಿದರೆ ಸೌಂಡಿನವರು ಹೆಡ್‌ಫೋನ್ ತೆಗೆದು ಕೆಳಗಿಡುತ್ತಾರೆ. ನಾನು ಬರಿಗಾಲಲ್ಲೇ ತಳ್ಳೋದು. ಚಕ್ರ ಕಿರುಗುಟ್ಟಿದರೆ ಕಂಬಿಗೆ ಒಂಚೂರು ಟಾಲ್ಕಂ ಪೌಡರ್ ಸವರುತ್ತೇನೆ. ಎಣ್ಣೆ ಬೇಡವೇ ಬೇಡ. ಅದಕ್ಕೆ ಧೂಳು ಅಂಟಿ ಮರಳು ಕಾಗದದ ಹಾಗಾಗುತ್ತೆ.

ಇನ್ನು ಸಿ-ಸ್ಟ್ಯಾಂಡ್, ಲೈಟಿನ ಮುಂದೆ ಬಟ್ಟೆ, ಹಲಗೆ ಹಿಡಿದು ನಿಲ್ಲುವ ಉಕ್ಕಿನ ಸ್ಟ್ಯಾಂಡು. ಮೂರು ಕಾಲು, ಒಂದಕ್ಕಿಂತ ಒಂದು ಎತ್ತರ. ನೋಡೋಕೆ ಸಾಧು, ಆದರೆ ನಾನು ಈ ಕೆಲಸದಲ್ಲಿ ಕಂಡ ಪೆಟ್ಟುಗಳಲ್ಲಿ ಅರ್ಧ ಇದರದೇ. ಉದ್ದನೆ ಕೈ ಯಾವ ಕಡೆ ಚಾಚಿದೆಯೋ, ಎತ್ತರದ ಕಾಲು ಅದೇ ಕಡೆ ಇರಬೇಕು. ಬೀಳೋದಾದರೆ ಆ ಕಡೆಗೇ ತಾನೆ ಬೀಳೋದು, ಅಲ್ಲೊಂದು ಕಾಲಿದ್ದರೆ ತಡೆಯುತ್ತೆ. ಮರಳಿನ ಮೂಟೆಯೂ ಅದೇ ಎತ್ತರದ ಕಾಲಿನ ಮೇಲೆ, ನೆಲಕ್ಕೆ ತಾಗದ ಹಾಗೆ ನೇತಾಡಬೇಕು. ಮೂಟೆ ನೆಲದ ಮೇಲೆ ಕೂತುಬಿಟ್ಟರೆ ಅದರ ಭಾರ ನೆಲಕ್ಕೆ ಹೋಯ್ತು, ಸ್ಟ್ಯಾಂಡಿಗೆ ಬರಲೇ ಇಲ್ಲ.

ಸ್ಟ್ಯಾಂಡಿನ ತಲೆಯಲ್ಲಿ ಆ ಉದ್ದನೆ ಕೈಯನ್ನು ಬಿಗಿ ಹಿಡಿಯುವ ತಿರುಪು ನಮ್ಮ ಬಲಗಡೆ ಇರಬೇಕು, ಸ್ಟ್ಯಾಂಡಿನ ಕೈ ನಮ್ಮಿಂದ ಆಚೆಗೆ ಚಾಚಿರಬೇಕು. ಯಾಕೆ ಅಂತ ನನಗೆ ಎರಡು ವರ್ಷ ಯಾರೂ ಹೇಳಿರಲಿಲ್ಲ, 'ಹಾಗೇ ಇಡೋದು' ಅಂತ ಬೈಗುಳ ಮಾತ್ರ. ಒಂದು ದಿನ ಊಟದ ಹೊತ್ತಲ್ಲಿ ಸ್ಟ್ಯಾಂಡ್ ಹಿಡಿದು ಕೂತು ನೋಡಿದೆ. ಬಲಗಡೆ ಇದ್ದಾಗ ಭಾರಕ್ಕೆ ಕೈ ಕೆಳಗೆ ಜಗ್ಗಿದರೆ ತಿರುಪು ಬಿಗಿಯಾಗುವ ದಿಕ್ಕಿಗೇ ತಿರುಗುತ್ತೆ. ಎಡಗಡೆ ಇಟ್ಟರೆ ಅದೇ ಭಾರ ತಿರುಪನ್ನು ಸಡಿಲ ಮಾಡುತ್ತೆ. ಇಷ್ಟೇ ವಿಷಯ! ಈಗ ನಮ್ಮ ಹುಡುಗರಿಗೆ ಮೊದಲ ದಿನವೇ ಸ್ಟ್ಯಾಂಡ್ ಕೈಗೆ ಕೊಟ್ಟು ಎರಡೂ ರೀತಿ ಜಗ್ಗಿ ನೋಡಿ ಅನ್ನುತ್ತೇನೆ.

ಮೂಟೆಗಳನ್ನು ನಾನು ಕೊಂಡಿಲ್ಲ. ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಎರಡು ಹೊಟ್ಟೆ, ನಡುವೆ ಹಿಡಿ ಇರುವ ಚೀಲ ಹೊಲಿಸಿದೆ. ಎತ್ತಿನ ಬೆನ್ನಿಗೆ ಹಾಕುವ ಹೇರಿನ ಹಾಗೆ ಎರಡೂ ಕಡೆ ಇಳಿಬೀಳುತ್ತೆ. ಒಳಗೆ ಎಂ-ಸ್ಯಾಂಡ್, ಒಂದೊಂದಕ್ಕೆ 12 ಕೆಜಿ. ಮರಳನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ ಆಮೇಲೆ ಕ್ಯಾನ್ವಾಸಿಗೆ ಹಾಕಿ, ಇಲ್ಲದಿದ್ದರೆ ಅದರ ಪುಡಿ ಹೊಲಿಗೆಯಿಂದ ಸೋರಿ ಲೆನ್ಸಿನವರ ಶಾಪ ತಟ್ಟುತ್ತೆ. ಸಿಮೆಂಟ್ ಚೀಲದಲ್ಲಿ ಮರಳು ಕಟ್ಟಿ ತರುವವರೂ ಇದ್ದಾರೆ. ಅದು ಕಾಲಿನ ಮೇಲೆ ನಿಲ್ಲಲ್ಲ, ಜಾರುತ್ತೆ.

ಆ್ಯಪಲ್ ಬಾಕ್ಸ್, ಅಂದರೆ ಎತ್ತರ ಕೊಡೋಕೆ ಅಡಿಗೆ ಇಡುವ ಮರದ ಡಬ್ಬ, ಅದೂ ಬಡಗಿಯಿಂದ ಮಾಡಿಸಿದ್ದೇ. 18 ಎಂಎಂ ಪ್ಲೈವುಡ್, ಉದ್ದ 20 ಇಂಚು, ಅಗಲ 12. ಎತ್ತರ ಪೂರ್ತಿಯದು 8, ಅರ್ಧದ್ದು 4, ಕಾಲು ಭಾಗದ್ದು 2, ಎಲ್ಲಕ್ಕಿಂತ ತೆಳ್ಳಗಿನ ಪ್ಯಾನ್‌ಕೇಕ್ 1 ಇಂಚು. ಬಡಗಿ ಅಳತೆ ಬರೆದುಕೊಂಡು, 'ಇಷ್ಟು ತೆಳ್ಳಗಿನ ಡಬ್ಬದಲ್ಲಿ ಸೇಬು ಹೇಗೆ ಹಿಡಿಸುತ್ತೆ ಸಾರ್?' ಅಂದ. ಮೊಳೆ ಬೇಡ, ಅಂಟು ಮತ್ತು ಸ್ಕ್ರೂ ಹಾಕಿ ಅಂತ ಹೇಳಿ. ಮೊಳೆ ಕೆಲವೇ ತಿಂಗಳಲ್ಲಿ ಸಡಿಲವಾಗಿ ಹೆಜ್ಜೆಗೊಮ್ಮೆ ಕಿರ್ ಅನ್ನುತ್ತೆ. ಪೂರ್ತಿ ಡಬ್ಬದ ನಡುವೆ ಒಂದು ಅಡ್ಡಹಲಗೆಯೂ ಇರಲಿ. ಅದರ ಮೇಲೆ ಹೀರೋ ನಿಲ್ಲುತ್ತಾರೆ, ಊಟದ ಹೊತ್ತಿಗೆ ಇಡೀ ಯೂನಿಟ್ಟೇ ಕೂರುತ್ತೆ.

ಬೋಲ್ಟಿನ ಕಥೆ ಹೇಳಲೇಬೇಕು. ಕ್ಯಾಮೆರಾ ಸಾಮಾನಿನಲ್ಲಿ ಎರಡೇ ಅಳತೆ: ಕಾಲು ಇಂಚು ಮತ್ತು 3/8 ಇಂಚು, ನಮ್ಮ ಮಾತಲ್ಲಿ ಮೂರು ಸೂತ. ಒಮ್ಮೆ ಮಾನಿಟರ್ ಕೂರಿಸುವ ಬೋಲ್ಟ್ ಕಳೆದುಹೋಯ್ತು. ಹುಡುಗನನ್ನು ಪಕ್ಕದ ಊರಿಗೆ ಓಡಿಸಿದೆ. ಅವನು ತಂದ ಬೋಲ್ಟ್ ತಿರುಗಿಸಿದರೆ ಎರಡು ಸುತ್ತು ಹೋಯ್ತು, ಬಿಗಿಯಾಯ್ತು ಅನ್ನಿಸಿತು. ಆತುರದಲ್ಲಿ ನಾನೂ ನೋಡಲಿಲ್ಲ. ಅರ್ಧ ಗಂಟೆಯಲ್ಲಿ ಮಾನಿಟರ್ ನೆಲದ ಮೇಲಿತ್ತು. ಅದು ಎಂ6 ಬೋಲ್ಟ್. 6 ಎಂಎಂ ದಪ್ಪ, ಮರೆ (ತಿರುಪಿನ ಸುತ್ತುಗೆರೆ) ಒಂದೊಂದು ಸುತ್ತಿಗೂ 1 ಎಂಎಂ. ಕಾಲು ಇಂಚು ಅಂದರೆ 6.35 ಎಂಎಂ, ಇಂಚಿಗೆ 20 ಮರೆ. ನೋಡೋಕೆ ಅಣ್ಣತಮ್ಮ, ಹಿಡಿತ ಮಾತ್ರ ಇಲ್ಲ. ಅಂಗಡಿಯಲ್ಲಿ 'ಕಾಲಿಂಚು ವಿಟ್‌ವರ್ತ್' (ಹಳೇ ಬ್ರಿಟಿಷ್ ಮರೆಯ ಅಳತೆ) ಅಂತ ಕೇಳಿ. ಅದರಲ್ಲೂ ಇಂಚಿಗೆ 20 ಮರೆ, 3/8ರಲ್ಲಿ 16. ಕ್ಯಾಮೆರಾ ಸ್ಕ್ರೂವಿಗೆ ಲೆಕ್ಕ ಒಂದೇ, ಮರೆಯ ಕೋನದಲ್ಲಿ ಮಾತ್ರ ಕೂದಲೆಳೆ ವ್ಯತ್ಯಾಸ. ಈಗ ನನ್ನ ಗಾಡಿ ಕೀ ಗೊಂಚಲಲ್ಲೇ ಎರಡೂ ಅಳತೆಯ ನಟ್ಟು ನೇತಾಡುತ್ತಿವೆ. ಹೊಸ ಬೋಲ್ಟನ್ನು ಅದರೊಳಗೆ ಬೆರಳಲ್ಲೇ ಪೂರ್ತಿ ತಿರುಗಿಸಿ ನೋಡದೆ ದುಡ್ಡು ಕೊಡಲ್ಲ.

ಕಾರಿನ ಮೇಲೆ ಕ್ಯಾಮೆರಾ ಕಟ್ಟುವಾಗ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ. ಕ್ಯಾಮೆರಾ ಹಿಡಿಯೋಕೆ ತಗಡಿಗೆ ಗಾಳಿ ಹೀರಿ ಅಂಟುವ, ಪಂಪ್ ಇರುವ ಸಕ್ಷನ್ ಕಪ್‌ನಲ್ಲಿ ಒಂದು ಕೆಂಪು ಗೆರೆ ಇರುತ್ತೆ, ಗಾಳಿ ಒಳಗೆ ಹೋದರೆ ಅದು ಹೊರಗೆ ಕಾಣುತ್ತೆ. ಪ್ರತಿ ಟೇಕಿಗೂ ಮೊದಲು ಎಲ್ಲ ಕಪ್‌ಗಳ ಗೆರೆ ನೋಡುವುದಕ್ಕೇ ಒಬ್ಬನನ್ನು ಇಟ್ಟಿರುತ್ತೇನೆ. ಬಾನೆಟ್ ಒರೆಸುವಾಗ ಬೆರಳಿಂದ ತಟ್ಟಿ ನೋಡಿ. ತಗಡಿನ ಸದ್ದು ಬರಬೇಕು. 'ದಪ್' ಅಂದರೆ ಒಳಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದಾರೆ ಅಂತ. ನಾನು ಒಂದು ಬಾಡಿಗೆ ಕಾರಿನಲ್ಲಿ ಇದನ್ನು ನೋಡದೆ ಕಪ್ ಹಚ್ಚಿದ್ದೆ. ಬಿಚ್ಚುವಾಗ ಬಣ್ಣ ಚಪಾತಿಯ ಹಾಗೆ ಎದ್ದು ಬಂತು. ಆ ದಿನದ ಸಂಬಳ ಡೆಂಟಿಂಗ್‌ಗೆ ಹೋಯ್ತು. ಈಗಿನ ಕಾರುಗಳ ತಗಡು ನಡುಭಾಗದಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತೆ. ಅಂಚಿನ ಹತ್ತಿರ, ಮಡಿಕೆ ಇರುವ ಕಡೆ ಕಪ್ ಇಟ್ಟರೆ ಗಟ್ಟಿ. ಕಪ್ ಎಷ್ಟೇ ಬಿಗಿಯಾಗಿರಲಿ, ಕ್ಯಾಮೆರಾಗೆ ಬೇರೆಯದೇ ಬೆಲ್ಟು, ಕಾರಿನ ಚಾಸಿಗೆ ಕಟ್ಟಿದ್ದು, ಇರಲೇಬೇಕು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಭಾರ ಕೆಳಕ್ಕೆ ಮಾತ್ರ ಎಳೆಯಲ್ಲ, ಪಕ್ಕಕ್ಕೂ ಎಳೆಯುತ್ತೆ.

ಗಾಳಿಯದೂ ಹೀಗೇ. ಬಿಸಿಲು ತಗ್ಗಿಸೋಕೆ ಕಟ್ಟುವ 12 ಅಡಿ ಚೌಕದ ಬಟ್ಟೆ ಫ್ರೇಮ್ ಅಂದರೆ ಹಾಯಿಪಟ. ಗಂಟೆಗೆ 30 ಕಿಮೀ ಗಾಳಿ ಬಂದರೆ ಅದರ ಮೇಲೆ ಬೀಳುವ ತಳ್ಳು 50 ಕೆಜಿಗಿಂತ ಜಾಸ್ತಿ. ನಾಲ್ಕು ಮೂಲೆಗೆ ಹಗ್ಗ, ಹಗ್ಗಕ್ಕೆ ನೆಲದಲ್ಲಿ ಗೂಟ. ಹಂಪಿಯಂಥ ಜಾಗದಲ್ಲಿ ಗೂಟ ಹೊಡೆಯೋ ಮಾತೇ ಇಲ್ಲ. ಪುರಾತತ್ವ ಇಲಾಖೆಯ ಅನುಮತಿ ಇದ್ದರೂ ಕಲ್ಲಿಗೆ ಕೈ ಹಚ್ಚುವಂತಿಲ್ಲ, ಅಲ್ವಾ. ಅಲ್ಲಿಗೆ ಮೂಟೆಗಳನ್ನೇ ದುಪ್ಪಟ್ಟು ಹೊರುತ್ತೇವೆ, ಗಾಳಿ ಎದ್ದರೆ ಬಟ್ಟೆ ಇಳಿಸಿಬಿಡುತ್ತೇವೆ. ನಿರ್ದೇಶಕರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕ್ರೇನ್ ಬಗ್ಗೆ ಎರಡೇ ಮಾತು. ತೋಳಿನ ತುದಿಯಲ್ಲಿ ಕೂತವರು, ಹಿಂದಿನ ತುದಿಗೆ ಸಮತೂಕಕ್ಕೆ ಹಾಕಿದ ತೂಕ ತೆಗೆಯುವ ಮೊದಲು, ಎಷ್ಟೇ ತುರ್ತಿದ್ದರೂ ಇಳಿಯಬಾರದು. ಇಳಿದರೆ ತೋಳು ಮೇಲಕ್ಕೆ ಚಿಮ್ಮುತ್ತೆ. ಮತ್ತೆ ಹಳ್ಳಿಗಳಲ್ಲಿ ಕರೆಂಟ್ ತಂತಿ ನೋಡಿ. ತೋಟದ ಮೇಲೆ ಹಾದುಹೋಗುವ 11 ಕೆವಿ ತಂತಿ ಮಧ್ಯಾಹ್ನದ ಬಿಸಿಲಿಗೆ ಬೆಳಿಗ್ಗೆಗಿಂತ ಕೆಳಗೆ ಜೋತುಬೀಳುತ್ತೆ. ತೋಳನ್ನು ಪೂರ್ತಿ ಚಾಚಿದಾಗಲೂ ತಂತಿಯಿಂದ 20 ಅಡಿ ದೂರ ಉಳಿಯಬೇಕು ಅಂತ ನಾನೇ ಹಾಕಿಕೊಂಡ ಲೆಕ್ಕ. ರೆಕ್ಕಿಗೆ, ಅಂದರೆ ಶೂಟಿಂಗಿಗೆ ಮೊದಲು ಜಾಗ ನೋಡೋಕೆ ಹೋದಾಗ ಎಲ್ಲರೂ ಮನೆ ನೋಡಿದರೆ ನಾನು ಆಕಾಶ ನೋಡುತ್ತಿರುತ್ತೇನೆ.

ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಸ್ಟ್ಯಾಂಡಿನ ಕಾಲು ಗೀರು ಹಾಕುತ್ತೆ. ಟೆನಿಸ್ ಬಾಲ್ ಸೀಳಿ ಕಾಲಿಗೆ ಟೋಪಿ ಹಾಕಿದರೆ ಮುಗೀತು. ಹುಡುಗರು ಊಟದ ವಿರಾಮದಲ್ಲಿ ಕ್ರಿಕೆಟ್ ಆಡಿ ಕಳೆದ ಬಾಲುಗಳೇ ಸಾಕಾಗುತ್ತವೆ.

ಪ್ಯಾಕಪ್ ಆದ ಮೇಲೆ ಎಣಿಕೆ. ತೀರ್ಥಹಳ್ಳಿಗೆ ಹೋಗುವಾಗ ಬೆಣೆ 60 ಇದ್ದವು, ಬರುವಾಗ 58. ನಮ್ಮ ಬೆಣೆಗಳ ಬೆನ್ನಿಗೆ ಹಳದಿ ಬಣ್ಣ ಬಳಿದಿರುತ್ತೇನೆ, ಹುಲ್ಲಿನಲ್ಲಿ ಬಿದ್ದರೂ ಕಾಣಲಿ ಅಂತ. ಟಾರ್ಚ್ ಹಿಡಿದು ಅಂಗಳವೆಲ್ಲ ಹುಡುಕಿದೆವು, ಸಿಗಲಿಲ್ಲ. ಮುಂದಿನ ವರ್ಷ ಬೇರೆ ಚಿತ್ರಕ್ಕೆ ಅದೇ ಮನೆಗೆ ಹೋದೆ. ಮನೆಯ ಅಜ್ಜಿ ಕಾಫಿ ಕೊಟ್ಟರು. ಲೋಟ ಇಡೋಕೆ ಹಿತ್ತಿಲ ಕಡೆ ಹೋದರೆ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡಿಗೆ ಒಂದು ಹಳದಿ ಬೆಣೆ, ಅಕ್ಕಿಮುಡಿ ಇಟ್ಟ ಮಣೆಯ ಕುಂಟು ಕಾಲಿಗೆ ಇನ್ನೊಂದು. ಮಣೆ ಒಂಚೂರೂ ಅಲುಗುತ್ತಿರಲಿಲ್ಲ. ಸುಮ್ನೆ ಲೋಟ ತೊಳೆದಿಟ್ಟು ಬಂದೆ.