ತುಳಿದರೂ ಏಳದ ಕಾರು: ಎಲೆಕ್ಟ್ರಾನಿಕ್ ಥ್ರಾಟಲ್ ದೋಷ ಹುಡುಕುವುದು ಹೇಗೆ?

ಘಟ್ಟದ ಏರಿನಲ್ಲಿ ಚೆನ್ನಾಗಿಯೇ ಹತ್ತುತ್ತಿದ್ದ ಕಾರು ಇದ್ದಕ್ಕಿದ್ದಂತೆ ಸೊರಗುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಎಂಜಿನ್ ಒಂದು ಮಿತಿ ದಾಟಿ ಏಳುವುದಿಲ್ಲ. ಮೀಟರ್ ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಾದರೆ 'ಇಪಿಸಿ' (ಎಲೆಕ್ಟ್ರಾನಿಕ್ ಪವರ್ ಕಂಟ್ರೋಲ್) ಎಂಬ ಅಕ್ಷರಗಳೂ ಕಾಣಿಸಿಕೊಳ್ಳಬಹುದು. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಚಾಲೂ ಮಾಡಿದರೆ ಎಷ್ಟೋ ಸಲ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ2135 ಎಂಬ ದೋಷದ ಕೋಡ್ ಸಿಗುತ್ತದೆ. 'ಥ್ರಾಟಲ್ ಬಾಡಿ ಹೋಗಿದೆ, ಹೊಸದು ಹಾಕಬೇಕು' ಎಂಬ ತೀರ್ಪು ಅಲ್ಲೇ ಬರುತ್ತದೆ. ಥ್ರಾಟಲ್ ಬಾಡಿ ಎಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟವಿರುವ ಭಾಗ.

ಆ ತೀರ್ಪನ್ನು ಅಷ್ಟು ಬೇಗ ಒಪ್ಪಬೇಡಿ. ಪಿ2135 ಹೇಳುವುದು ಇಷ್ಟೇ: ಆ ಕವಾಟದ ಒಂದೇ ಸ್ಥಾನವನ್ನು ಅಳೆಯಬೇಕಾದ ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗಲಿಲ್ಲ. ತಾಳೆ ತಪ್ಪಿದ್ದು ಸೆನ್ಸರ್‌ನಲ್ಲೋ, ವೈರಿನಲ್ಲೋ, ಕಪ್ಲರ್‌ನಲ್ಲೋ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ತ್‌ನಲ್ಲೋ ಎಂಬುದನ್ನು ಅಳೆದೇ ತಿಳಿಯಬೇಕು. ಅಳೆಯಲು ಬೇಕಾಗುವ ಡಿಜಿಟಲ್ ಮಲ್ಟಿಮೀಟರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಸ ಥ್ರಾಟಲ್ ಬಾಡಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಒಳಗೆ ನಡೆಯುವುದೇನು?

ಮಾರುತಿ 800ರ ಕಾಲದಲ್ಲಿ ಪೆಡಲ್‌ನಿಂದ ಎಂಜಿನ್‌ವರೆಗೆ ಉಕ್ಕಿನ ಕೇಬಲ್ ಇರುತ್ತಿತ್ತು. ಕಾಲು ಒತ್ತಿದಷ್ಟು ಕವಾಟ ತೆರೆಯುತ್ತಿತ್ತು. ಇಂದಿನ ಪೆಟ್ರೋಲ್ ಕಾರಿನಲ್ಲಿ ಆ ಕೇಬಲ್ ಇಲ್ಲ. ಪೆಡಲ್‌ನ ಮೇಲ್ತುದಿಯಲ್ಲಿರುವ ಸೆನ್ಸರ್‌ಗಳು ಪೆಡಲ್ ಎಷ್ಟು ಕೆಳಗಿಳಿದಿದೆ ಎಂಬುದನ್ನು ವೋಲ್ಟೇಜ್ ಆಗಿ ಬದಲಿಸಿ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ಕಳಿಸುತ್ತವೆ. ಇಸಿಯು ಆ ಕೋರಿಕೆಯನ್ನು ಎಂಜಿನ್ನಿನ ಸ್ಥಿತಿಯೊಂದಿಗೆ ತೂಗಿ ನೋಡಿ ಥ್ರಾಟಲ್ ಬಾಡಿಯಲ್ಲಿರುವ ಪುಟ್ಟ ಡಿಸಿ ಮೋಟಾರಿಗೆ ಆಜ್ಞೆ ಕೊಡುತ್ತದೆ. ಮೋಟಾರು ಹಲ್ಲುಚಕ್ರಗಳ ಮೂಲಕ ಗಾಳಿಯ ಕವಾಟವನ್ನು ತಿರುಗಿಸುತ್ತದೆ. ಕವಾಟ ನಿಜವಾಗಿ ಎಷ್ಟು ತಿರುಗಿತು ಎಂಬುದನ್ನು ಅದರ ಅಕ್ಷದ ಮೇಲಿರುವ ಸೆನ್ಸರ್‌ಗಳು ವರದಿ ಮಾಡುತ್ತವೆ.

ಪೆಡಲ್‌ನಲ್ಲೂ ಥ್ರಾಟಲ್‌ನಲ್ಲೂ ಸೆನ್ಸರ್‌ಗಳು ಎರಡೆರಡು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಹಾಕಲಿ ಎಂಬುದು ಉದ್ದೇಶ. ಹಲವು ಕಾರುಗಳ ಪೆಡಲ್‌ನಲ್ಲಿ ಎರಡನೆಯ ಸೆನ್ಸರ್ ಮೊದಲನೆಯದರ ಸರಿಯಾಗಿ ಅರ್ಧ ವೋಲ್ಟೇಜ್ ತೋರಿಸುತ್ತದೆ: ಅಲ್ಲಿ 1.6 ವೋಲ್ಟ್ ಇದ್ದರೆ ಇಲ್ಲಿ 0.8. ಥ್ರಾಟಲ್ ಬಾಡಿಯಲ್ಲಿ ಸಾಮಾನ್ಯವಾಗಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಎರಡರ ಮೊತ್ತ ಯಾವಾಗಲೂ 5 ವೋಲ್ಟ್‌ನ ಆಸುಪಾಸಿನಲ್ಲಿರುತ್ತದೆ. ಎಲ್ಲ ಕಂಪನಿಗಳೂ ಇದೇ ಕ್ರಮ ಅನುಸರಿಸುವುದಿಲ್ಲ. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಲೇಬೇಕು. ಸಂಖ್ಯೆ ಯಾವುದೇ ಇರಲಿ, ಎರಡೂ ಒಂದೇ ಲೆಕ್ಕದಲ್ಲಿ ಕೂಡಿ ನಡೆಯಬೇಕು ಎಂಬುದು ಮುಖ್ಯ.

ಲೆಕ್ಕ ತಪ್ಪಿದೊಡನೆ ಇಸಿಯು ಮೋಟಾರಿನ ವಿದ್ಯುತ್ತನ್ನೇ ಕಡಿದುಬಿಡಬಹುದು. ಆಗ ಸ್ಪ್ರಿಂಗ್‌ಗಳು ಕವಾಟವನ್ನು ಒಂದಿಷ್ಟೇ ತೆರೆದ ಸ್ಥಿತಿಗೆ ತಂದು ನಿಲ್ಲಿಸುತ್ತವೆ. ಎಂಜಿನ್ ಆರುವುದಿಲ್ಲ, ಕಾರು ತೆವಳಿಕೊಂಡಾದರೂ ಬದಿಗೆ ಬರುತ್ತದೆ. ಮೆಕ್ಯಾನಿಕ್‌ಗಳು ಲಿಂಪ್ ಮೋಡ್ ಎನ್ನುವುದು ಇದನ್ನೇ. ಇದು ನಿಮ್ಮನ್ನು ಕಾಪಾಡಲು ಇಟ್ಟ ವ್ಯವಸ್ಥೆ. ಕೋಡ್ ಅಳಿಸಿ, ದೀಪ ಆರಿಸಿ ಹಾಗೆಯೇ ಓಡಿಸುತ್ತಾ ಇರುವುದು ಅಪಾಯ.

ಸ್ಪ್ಯಾನರ್ ಹಿಡಿಯುವ ಮುನ್ನ

ವಾರಂಟಿ ಇದ್ದರೆ ಏನನ್ನೂ ಬಿಚ್ಚದೆ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಇಲ್ಲವಾದರೆ ಮೊದಲು ಪೆಡಲ್‌ನ ಕೆಳಗೆ ಬಗ್ಗಿ ನೋಡಿ. 2009–10ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತಿವೆ ಎಂಬ ದೂರುಗಳು ಬಂದಾಗ ನಾಸಾದ ಎಂಜಿನಿಯರುಗಳೂ ತನಿಖೆಗೆ ಇಳಿದಿದ್ದರು. 2011ರ ಫೆಬ್ರವರಿಯಲ್ಲಿ ಹೊರಬಂದ ವರದಿ, ಅಂಥ ಭಾರೀ ವೇಗಕ್ಕೆ ಎಲೆಕ್ಟ್ರಾನಿಕ್ಸ್ ಕಾರಣ ಎನ್ನಲು ಪುರಾವೆ ಸಿಗಲಿಲ್ಲ ಎಂದಿತು. ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಪೆಡಲ್‌ಗೆ ಸಿಕ್ಕಿಕೊಳ್ಳುವ ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲ್‌ಗಳ ದೆಸೆಯಿಂದ. ನಮ್ಮಲ್ಲಿ ದಪ್ಪ ಮ್ಯಾಟ್, ಅದರ ಮೇಲೊಂದು ರಬ್ಬರ್ ಮ್ಯಾಟ್ ಹಾಸುವವರು ಬಹಳ. ಮೇಲಿನದನ್ನು ಇವತ್ತೇ ತೆಗೆದುಬಿಡಿ. ಪಿಕಪ್ ಹೆಚ್ಚಿಸುತ್ತೇವೆಂದು ಪೆಡಲ್‌ನ ಕಪ್ಲರ್ ಮಧ್ಯೆ ಸೇರಿಸುವ ಪೆಟ್ಟಿಗೆಯೇನಾದರೂ ಹಾಕಿಸಿದ್ದರೆ ಅದನ್ನೂ ಕಳಚಿ, ಮೂಲ ಕಪ್ಲರ್ ನೇರವಾಗಿ ಕೂರಿಸಿ. ಪರೀಕ್ಷೆ ಶುರುವಾಗಬೇಕಾದದ್ದು ಆಮೇಲೆ.

ಓಡಿಸುವಾಗ ಎಂದಾದರೂ ಎಂಜಿನ್ ತಾನಾಗಿ ರೇಸ್ ಆದರೆ: ಬ್ರೇಕನ್ನು ಗಟ್ಟಿಯಾಗಿ ಒತ್ತಿಯೇ ಹಿಡಿಯಿರಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಕಾರು ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಚಲಿಸುತ್ತಿರುವಾಗ ಕೀಯನ್ನು ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು.

ಮೊದಲ ಹೆಜ್ಜೆ: ಬ್ಯಾಟರಿ ಮತ್ತು ಬ್ರೇಕ್ ದೀಪ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5; ಹೊಸ ಕಾರುಗಳ ಸ್ಮಾರ್ಟ್ ಚಾರ್ಜಿಂಗ್‌ನಲ್ಲಿ ಇದು ಏರಿಳಿಯಬಹುದು. ಸೋತ ಬ್ಯಾಟರಿ, ಸಡಿಲ ಟರ್ಮಿನಲ್, ತುಕ್ಕು ಹಿಡಿದ ಅರ್ತ್ ಪಟ್ಟಿ ಇವು ಥ್ರಾಟಲ್ ಕೋಡ್‌ಗಳನ್ನು ಸುಮ್ಮನೆ ಹುಟ್ಟಿಸುತ್ತವೆ. ಹಾಗೆಯೇ ಬ್ರೇಕ್ ಒತ್ತಿದಾಗ ಹಿಂದಿನ ದೀಪಗಳು ಹೊತ್ತುತ್ತವೆಯೇ, ಬಿಟ್ಟಾಗ ಆರುತ್ತವೆಯೇ ನೋಡಿ. ಬ್ರೇಕ್ ಸ್ವಿಚ್ ಕೆಟ್ಟು ಬ್ರೇಕ್ ಸದಾ ಒತ್ತಿದೆ ಎಂದು ಇಸಿಯು ತಿಳಿದರೆ, ಬ್ರೇಕ್ ಓವರ್‌ರೈಡ್ (ಎರಡೂ ಪೆಡಲ್ ಒತ್ತಿದರೆ ಬ್ರೇಕಿಗೇ ಮನ್ನಣೆ ಕೊಡುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದು ಶಕ್ತಿಯನ್ನು ತಗ್ಗಿಸಬಹುದು. ಪಿ0504 ಕೋಡ್ ಜೊತೆಯಲ್ಲಿದ್ದರೆ ಈ ಸ್ವಿಚ್ಚಿನ ಮೇಲೆಯೇ ಅನುಮಾನ.

ಎರಡನೇ ಹೆಜ್ಜೆ: ಕೋಡ್ ಓದುವುದು, ಆದರೆ ಅಳಿಸದಿರುವುದು

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ದೋಷ ಪತ್ತೆಯ) ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿ. ಮೊಬೈಲಿಗೆ ಬ್ಲೂಟೂತ್ ಮೂಲಕ ಹೊಂದುವ ಅಗ್ಗದ ಅಡಾಪ್ಟರ್ ಕೂಡ ಸಾಮಾನ್ಯ ಕೋಡ್‌ಗಳನ್ನು ಓದುತ್ತದೆ. ಎಲ್ಲ ಕೋಡ್‌ಗಳನ್ನೂ, ಅವುಗಳ ಜೊತೆ ಉಳಿದಿರುವ ಫ್ರೀಜ್ ಫ್ರೇಮ್ ಮಾಹಿತಿಯನ್ನೂ ಬರೆದುಕೊಳ್ಳಿ. ದೋಷ ಬಂದ ಕ್ಷಣದ ವೇಗ, ಎಂಜಿನ್ನಿನ ಶಾಖ ಅದರಲ್ಲಿ ದಾಖಲಾಗಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಪಿ2135 ಥ್ರಾಟಲ್ ಬಾಡಿಯ ಕಡೆಗೆ ಬೆರಳು ತೋರಿಸಿದರೆ, ಪಿ2138 ಪೆಡಲ್‌ನ ಎರಡು ಸೆನ್ಸರ್‌ಗಳ ತಾಳೆ ತಪ್ಪಿದ್ದನ್ನು ಹೇಳುತ್ತದೆ. ಪಿ2122, ಪಿ2127 ಪೆಡಲ್ ಸಂಕೇತ ತೀರಾ ಕೆಳಗಿಳಿದಾಗ ಬರುತ್ತವೆ. ಪಿ2111 ಕವಾಟ ತೆರೆದು ಸಿಕ್ಕಿಕೊಂಡಾಗ, ಪಿ2112 ಮುಚ್ಚಿ ಸಿಕ್ಕಿಕೊಂಡಾಗ. ಪಿ2101 ಮೋಟಾರಿನ ಸರ್ಕ್ಯೂಟಿಗೆ ಸಂಬಂಧಿಸಿದ್ದು. ಥ್ರಾಟಲ್ ಕೋಡ್‌ನ ಜೊತೆಗೆ ಸಂಬಂಧವೇ ಇಲ್ಲದಂತೆ ಕಾಣುವ ಬೇರೆ ಸೆನ್ಸರ್‌ಗಳ ಕೋಡ್‌ಗಳೂ ಒಟ್ಟಿಗೆ ಬಂದಿದ್ದರೆ ಥ್ರಾಟಲ್ ಬಾಡಿಯನ್ನು ಮುಟ್ಟಲೇಬೇಡಿ. ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಮೂಲ ಹಂಚಿಕೆಯಾಗಿರುತ್ತದೆ. ಎಲ್ಲೋ ಒಂದು ಕಡೆ, ಉದಾಹರಣೆಗೆ ಎಸಿಯ ಪ್ರೆಶರ್ ಸೆನ್ಸರ್‌ನಲ್ಲಿ ಶಾರ್ಟ್ ಆದರೆ, ಅದೇ ಮೂಲ ಹಂಚಿಕೊಂಡ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ಆಗ ಒಂದೊಂದೇ ಸೆನ್ಸರ್‌ನ ಕಪ್ಲರ್ ಬಿಚ್ಚುತ್ತಾ ಹೋಗಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ದೋಷ ಅಲ್ಲಿದೆ.

ಈಗ ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಸ್ಕ್ಯಾನರಿನಲ್ಲಿ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಆ ಕ್ಷಣದ ಓದು, ತೆರೆಯಿರಿ. ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಪರದೆಯ ಮೇಲಿನ ಗೆರೆ ಜಿಗಿತವಿಲ್ಲದೆ ಏರಿ ಇಳಿಯಬೇಕು. ಪೆಡಲ್ ಬಿಟ್ಟಾಗ ಸೊನ್ನೆಯ ಬದಲು ಸುಮಾರು 15 ಶೇಕಡಾ ಕಂಡರೆ ಗಾಬರಿ ಬೇಡ. ಅನೇಕ ಕಾರುಗಳ ಸೆನ್ಸರ್ ಅಲ್ಲಿಂದಲೇ ಶುರುವಾಗುತ್ತದೆ. ಇಸಿಯು ಕೇಳಿದ ಥ್ರಾಟಲ್ ಎಷ್ಟು, ನಿಜವಾಗಿ ತೆರೆದದ್ದು ಎಷ್ಟು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಿ. ಕೇಳಿದ್ದು ಸರಿಯಾಗಿದ್ದು ತೆರೆದದ್ದು ಹಿಂದೆ ಬಿದ್ದರೆ ಸಮಸ್ಯೆ ಕವಾಟ, ಮೋಟಾರು ಅಥವಾ ಮೋಟಾರಿನ ವೈರಿನ ಕಡೆಗೆ. ಕೇಳಿದ್ದೇ ತಪ್ಪಾಗಿದ್ದರೆ ಪೆಡಲ್‌ನ ಕಡೆಗೆ. ಅಗ್ಗದ ಅಡಾಪ್ಟರ್ ನಿಧಾನವಾಗಿ ಓದುವುದರಿಂದ ಕ್ಷಣಮಾತ್ರದ ಕಡಿತ ಅದಕ್ಕೆ ಕಾಣದೇ ಹೋಗಬಹುದು.

ಮೂರನೇ ಹೆಜ್ಜೆ: ವೈರು, ಕಪ್ಲರ್, ಅರ್ತ್

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಬಂದು ಬಂದು ಹೋಗುವ ದೋಷಗಳು ನಮ್ಮ ಹವೆಯಲ್ಲಿ ಇಲ್ಲಿಯೇ ಮನೆಮಾಡುತ್ತವೆ. ಕರಾವಳಿಯ ಉಪ್ಪುಗಾಳಿಗೆ ಕಪ್ಲರ್‌ನೊಳಗಿನ ಪಿನ್ನುಗಳು ಹಸಿರುಗಟ್ಟುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಸೀಲ್ ಹರಿದ ಕಪ್ಲರ್‌ಗೆ ತೇವ ಇಳಿಯುತ್ತದೆ. ಊರುಗಳ ನೆಲಮಾಳಿಗೆ ಪಾರ್ಕಿಂಗಿನಲ್ಲಿ ಇಲಿಗಳ ಕಾಟ. ಇವೆಲ್ಲಕ್ಕಿಂತ ಕೆಟ್ಟದ್ದು, ಬಾನೆಟ್ ತೆರೆದು ಪ್ರೆಶರ್ ಪಂಪಿನಿಂದ ಎಂಜಿನ್ನಿಗೆ ನೀರು ಹೊಡೆಸುವ ಅಭ್ಯಾಸ. ವಾಟರ್ ವಾಶ್ ಆದ ಒಂದೆರಡು ದಿನಗಳಲ್ಲಿ ದೋಷ ಬಂದಿದ್ದರೆ ಕಾರಣವನ್ನು ದೂರ ಹುಡುಕಬೇಕಿಲ್ಲ.

ಕೀ ಆಫ್ ಮಾಡಿ, ಕೆಲವು ನಿಮಿಷ ಕಾದು ಥ್ರಾಟಲ್ ಬಾಡಿಯ ಕಪ್ಲರ್ ಬಿಚ್ಚಿ. ಸಾಮಾನ್ಯವಾಗಿ ಆರು ವೈರುಗಳು: ಎರಡು ಮೋಟಾರಿಗೆ, ಒಂದು 5 ವೋಲ್ಟ್, ಒಂದು ಅರ್ತ್, ಎರಡು ಸಂಕೇತಗಳು. ಪಿನ್ನು ಬಾಗಿದೆಯೇ, ಹಿಂದಕ್ಕೆ ಸರಿದಿದೆಯೇ, ಕಪ್ಪಾಗಿದೆಯೇ ಟಾರ್ಚ್ ಹಿಡಿದು ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪೂರ್ತಿ ಒಣಗಲು ಬಿಡಿ. ಮರಳು ಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಈಗ ಕೀ ಆನ್ ಮಾಡಿ, ಕಪ್ಲರ್‌ನಲ್ಲಿ 5 ವೋಲ್ಟ್ ಬರುತ್ತಿದೆಯೇ ಅಳೆಯಿರಿ. 4.9ರಿಂದ 5.1ರೊಳಗೆ ಇದ್ದರೆ ಸರಿ. ಕಪ್ಲರ್ ಬಿಚ್ಚಿ ಕೀ ಆನ್ ಮಾಡಿದ್ದರಿಂದ ಹೊಸ ಕೋಡ್‌ಗಳು ಸೇರಿಕೊಳ್ಳುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೀ ಆಫ್ ಮಾಡಿ ಕಪ್ಲರ್ ಮರಳಿ ಕೂರಿಸಿ, ಮತ್ತೆ ಆನ್ ಮಾಡಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿಯನ್ನು ಕಪ್ಲರ್‌ನ ಹಿಂಬದಿಯಿಂದ ತೆಳು ಪಿನ್ನಿನ ಮೂಲಕ ಸೆನ್ಸರ್‌ನ ಅರ್ತ್ ವೈರಿಗೆ ತಾಗಿಸಿ. 0.1 ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ದಾರಿಯಲ್ಲಿ ತಡೆ ಇದೆ. ಹಾಗೆಯೇ ಎರಡು ಸಂಕೇತಗಳ ವೋಲ್ಟೇಜ್ ಅಳೆದು, ಮೇಲೆ ಹೇಳಿದ ಲೆಕ್ಕಕ್ಕೆ ಹೊಂದುತ್ತದೆಯೇ ನೋಡಿ. ವೈರಿನ ಹೊದಿಕೆಯನ್ನು ಚುಚ್ಚಿ ಅಳೆಯಬೇಡಿ. ಆ ರಂಧ್ರದಿಂದಲೇ ಮುಂದಿನ ಮಳೆಗಾಲಕ್ಕೆ ತುಕ್ಕು ಒಳಸೇರುತ್ತದೆ.

ಅಳತೆಗಳೆಲ್ಲ ಸರಿಯಿದ್ದೂ ದೋಷ ಬರುತ್ತಿದ್ದರೆ, ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಕಪ್ಲರ್‌ನಿಂದ ಶುರುಮಾಡಿ ಗೇಣು ಗೇಣಾಗಿ ಅಲುಗಿಸುತ್ತಾ ಹೋಗಲಿ. ಅಲುಗಾಡುವ ಎಂಜಿನ್ನಿನಿಂದ ಕಾರಿನ ಚೌಕಟ್ಟಿಗೆ ದಾಟುವ ತಿರುವು, ಕ್ಲಿಪ್ ಬಿಗಿದಿರುವ ಜಾಗ ಇಲ್ಲಿ ವೈರು ಒಳಗೊಳಗೇ ತುಂಡಾಗಿರುತ್ತದೆ. ತಾಳ್ಮೆಯ ಕೆಲಸ ಇದು. ಗಂಟೆಗಟ್ಟಲೆ ಹಿಡಿಯಬಹುದು, ಹಾಗಾಗಿಯೇ ಅನೇಕರು ಇದನ್ನು ಬಿಟ್ಟು ಬಿಡಿಭಾಗ ಬದಲಿಸಲು ಹೊರಡುತ್ತಾರೆ. ತುಂಡಾದ ಜಾಗ ಸಿಕ್ಕರೆ ಬೆಸುಗೆ ಹಾಕಿ ಅಥವಾ ಸರಿಯಾದ ಕ್ರಿಂಪ್ ಬಳಸಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ. ತಿರುಚಿ ಟೇಪ್ ಸುತ್ತುವುದು ದುರಸ್ತಿಯಲ್ಲ.

ಪೆಡಲ್‌ನ ಪರೀಕ್ಷೆಯೂ ಇದೇ ರೀತಿ. ಅಲ್ಲಿ ಅನೇಕ ಕಾರುಗಳಲ್ಲಿ ಎರಡೂ ಸೆನ್ಸರ್‌ಗಳಿಗೆ ಪ್ರತ್ಯೇಕ 5 ವೋಲ್ಟ್, ಪ್ರತ್ಯೇಕ ಅರ್ತ್ ಇರುತ್ತದೆ. ಎರಡನ್ನೂ ಬೇರೆ ಬೇರೆ ಅಳೆಯಬೇಕು. ಡೀಸೆಲ್ ಕಾರಿನ ಮಾಲೀಕರಿಗೂ ಪೆಡಲ್‌ನ ಈ ಭಾಗ ಅನ್ವಯಿಸುತ್ತದೆ. ಡೀಸೆಲ್ ಎಂಜಿನ್ನಿನ ಥ್ರಾಟಲ್ ಕವಾಟದ ಕೆಲಸ ಮಾತ್ರ ಬೇರೆ, ಅದು ಬಹುತೇಕ ಹೊತ್ತು ತೆರೆದೇ ಇರುತ್ತದೆ.

ನಾಲ್ಕನೇ ಹೆಜ್ಜೆ: ಮಸಿ ತೆಗೆಯುವುದು

ಐಡ್ಲಿಂಗ್ (ಪೆಡಲ್ ಒತ್ತದಿದ್ದಾಗಿನ ಎಂಜಿನ್ ಓಟ) ಏರಿಳಿಯುತ್ತಿದ್ದರೆ, ಎಸಿ ಹಾಕಿದೊಡನೆ ಎಂಜಿನ್ ಆರಿಹೋಗುತ್ತಿದ್ದರೆ ಕವಾಟದ ಅಂಚಿನಲ್ಲಿ ಮಸಿ ಕಟ್ಟಿರುವ ಸಾಧ್ಯತೆ ಹೆಚ್ಚು. ಗಾಳಿಯ ಪೈಪ್ ಬಿಚ್ಚಿ ನೋಡಿದರೆ ಎಣ್ಣೆ ಬೆರೆತ ಕಪ್ಪು ಪದರ ಕಾಣುತ್ತದೆ. ಕೀ ಆನ್ ಇರುವಾಗ ಒಳಗೆ ಬೆರಳು ಹಾಕಲೇಬಾರದು. ಮೋಟಾರು ಕವಾಟವನ್ನು ಫಕ್ಕನೆ ಮುಚ್ಚಿದರೆ ಬೆರಳಿಗೆ ದೊಡ್ಡ ಗಾಯವಾಗುತ್ತದೆ. ಥ್ರಾಟಲ್ ಬಾಡಿಯನ್ನು ಪೂರ್ತಿ ಬಿಚ್ಚಿ ಹೊರಗೆ ತಂದು ಸ್ವಚ್ಛ ಮಾಡುವುದೇ ಒಳ್ಳೆಯದು, ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ಅಕ್ಷದ ಸಂದಿಗೆ ನೇರವಾಗಿ ಹೊಡೆದರೆ ದ್ರವ ಸೆನ್ಸರ್‌ವರೆಗೆ ಇಳಿಯುತ್ತದೆ. ಬ್ರಷ್ಷಿನಿಂದ ಕೆರೆಯಬೇಡಿ, ಕೆಲವು ಕಂಪನಿಗಳು ಒಳಗೋಡೆಗೆ ಹಚ್ಚಿದ ಲೇಪ ಎದ್ದುಹೋಗುತ್ತದೆ. ಸ್ಕ್ರೂಡ್ರೈವರಿನಿಂದ ಕವಾಟ ಮೀಟಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿಯುತ್ತವೆ.

ಸ್ವಚ್ಛಗೊಳಿಸಿದ ಮೇಲೆ ಐಡ್ಲಿಂಗ್ ಒಮ್ಮೆಗೇ ಏರಿ ಪಿ0507 ಬಂದರೆ ಕೆಲಸ ಕೆಟ್ಟಿತೆಂದು ತಿಳಿಯಬೇಡಿ. ಮಸಿ ಇದ್ದಾಗ ಕವಾಟವನ್ನು ತುಸು ಹೆಚ್ಚು ತೆರೆಯಲು ಇಸಿಯು ಕಲಿತಿತ್ತು. ಈಗ ಅದನ್ನು ಮರೆತು ಹೊಸದಾಗಿ ಕಲಿಯಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ಬಿಸಿ ಮಾಡಿ, ಎಸಿ ಮತ್ತು ದೀಪಗಳನ್ನು ಆರಿಸಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸಾಕು. ಇನ್ನು ಕೆಲವಕ್ಕೆ ಕಂಪನಿಯ ಸ್ಕ್ಯಾನರಿನಿಂದಲೇ ರೀಲರ್ನ್ ಆಜ್ಞೆ ಕೊಡಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಎಲ್ಲ ಕಾರುಗಳಲ್ಲೂ ಈ ಕೆಲಸ ಆಗುವುದಿಲ್ಲ.

ಬದಲಿಸಲೇಬೇಕಾದಾಗ

5 ವೋಲ್ಟ್ ಸರಿ, ಅರ್ತ್ ಸರಿ, ವೈರು ಸರಿ, ಆದರೂ ಎರಡು ಸಂಕೇತಗಳಲ್ಲಿ ಒಂದು ಜಿಗಿಯುತ್ತಿದೆ ಅಥವಾ ಕವಾಟ ಆಜ್ಞೆಗೆ ಓಗೊಡುತ್ತಿಲ್ಲ ಎಂದು ಖಚಿತವಾದರೆ ಹೊಸ ಭಾಗ ಹಾಕಿಸಿ. ಹಳೆಯದರ ಮೇಲಿನ ಪಾರ್ಟ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಗುಜರಿಯ ಥ್ರಾಟಲ್ ಬಾಡಿ ನಾನು ಯಾರಿಗೂ ಹೇಳುವುದಿಲ್ಲ: ಒಳಗಿನ ಹಲ್ಲುಗಳು, ಸೆನ್ಸರ್ ಎಷ್ಟು ಸವೆದಿವೆ ಎಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲ, ಇದು ಪ್ರಾಣಕ್ಕೆ ಸಂಬಂಧಿಸಿದ ಭಾಗ. ರೀಲರ್ನ್ ಮುಗಿಸಿ ಕೋಡ್ ಅಳಿಸಿ, ಎಂಜಿನ್ ಬಿಸಿಯಾಗುವಷ್ಟು ದೂರ ಓಡಿಸಿ, ಬಾಕಿ ಇರುವ ಕೋಡ್‌ಗಳ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿ.

ಹೊಸ ಭಾಗ ಹಾಕಿದ ಮೇಲೂ ಅದೇ ಕೋಡ್ ಮರಳಿದರೆ 'ಇಸಿಯು ಹೋಗಿದೆ' ಎಂಬ ಮಾತು ಬರುವುದುಂಟು. ಆಗ ಇಸಿಯುವಿನ ಕಪ್ಲರ್‌ನಿಂದ ಥ್ರಾಟಲ್‌ನ ಕಪ್ಲರ್‌ವರೆಗಿನ ಆರು ವೈರುಗಳ ಅಳತೆಯನ್ನು ಒಂದೊಂದಾಗಿ ಬರೆದು ತೋರಿಸಲು ಮೆಕ್ಯಾನಿಕ್ ಅವರನ್ನು ಕೇಳಿ. ಆ ಆರು ಸಂಖ್ಯೆಗಳು ಕೈಗೆ ಬರುವವರೆಗೆ ಇಸಿಯು ಬಿಚ್ಚಲು ಒಪ್ಪಿಗೆ ಕೊಡಬೇಡಿ.