ಡಿಕಾಕ್ಷನ್ ಮಣಿ, ಯೀಸ್ಟ್ ಮಣಿ: ಆಲ್ಜಿನೇಟ್ ಜೆಲ್ ಮಾಡುವ ಬಗೆ

ಸಕಲೇಶಪುರದ ತೋಟದ ಮನೆಯಲ್ಲಾಗಲಿ, ಹಾಸನದ ಪೇಟೆಯಲ್ಲಾಗಲಿ, ಬೆಳಗ್ಗೆ ಇಳಿಸಿದ ಡಿಕಾಕ್ಷನ್ ಉಳಿದಿದ್ದರೆ ಅದನ್ನು ಬೆಂದ ಸಬ್ಬಕ್ಕಿಯಂಥ ಮಣಿಗಳಾಗಿ ಕಟ್ಟಬಹುದು. ಅದಕ್ಕೆ ಬೇಕಾದದ್ದು ಕಂದು ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಪುಡಿ ಮತ್ತು ತಿನ್ನಲು ಯೋಗ್ಯವಾದ ಕ್ಯಾಲ್ಸಿಯಂ ಕ್ಲೋರೈಡ್. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಜೀವಂತ ಯೀಸ್ಟ್ ಕೋಶಗಳನ್ನು ಮಣಿಯೊಳಗೆ ಹಿಡಿದಿಡುವುದೂ ಇವೆರಡರಿಂದಲೇ.

ಆಲ್ಜಿನೇಟ್ ಎಂಬುದು ಗುಲುರಾನಿಕ್ ಮತ್ತು ಮ್ಯಾನುರಾನಿಕ್ ಎಂಬ ಎರಡು ಬಗೆಯ ಕೊಂಡಿಗಳ ಉದ್ದನೆಯ ಸರಪಳಿ. ಗುಲುರಾನಿಕ್ ಕೊಂಡಿಗಳು ಸಾಲಾಗಿ ಬಂದಲ್ಲಿ ಸರಪಳಿ ಅಂಕುಡೊಂಕಾಗಿ ಬಾಗಿ ಗುಳಿಗಳಾಗುತ್ತವೆ. ಅಂಥ ಎರಡು ಸರಪಳಿಗಳು ಎದುರುಬದುರಾದಾಗ, ಟ್ರೇಯಲ್ಲಿ ಮೊಟ್ಟೆ ಕೂರುವ ಹಾಗೆ ಕ್ಯಾಲ್ಸಿಯಂ ಅಯಾನು ಗುಳಿಯಲ್ಲಿ ಕೂತು ಎರಡನ್ನೂ ಬಿಗಿಯುತ್ತದೆ. ಜೆಲ್ ಕಟ್ಟಲು ಬಿಸಿ ಮಾಡಬೇಕಿಲ್ಲವಾದ್ದರಿಂದ ಕೋಶಗಳು ಸಾಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನೀರನ್ನು ನೋಡಿಕೊಳ್ಳಬೇಕು. ಅರಸೀಕೆರೆ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ ಆಗಲೇ ಇರುವುದರಿಂದ ಪುಡಿ ಸರಿಯಾಗಿ ಕರಗದೆ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ. ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು ಒಳ್ಳೆಯದು; ಡಿಕಾಕ್ಷನ್ ಇಳಿಸುವುದಕ್ಕೂ ಅದನ್ನೇ ಬಳಸಿ.

ನೂರು ಮಿಲಿಲೀಟರ್ ಉಗುರುಬೆಚ್ಚಗಿನ ಡಿಕಾಕ್ಷನ್‌ಗೆ ಒಂದು ಗ್ರಾಂ ಆಲ್ಜಿನೇಟ್ ಸಾಕು. ಪುಡಿಯನ್ನು ಒಮ್ಮೆಲೇ ಸುರಿದರೆ ಅಂಬಲಿಯಲ್ಲಿ ರಾಗಿ ಹಿಟ್ಟು ಗಂಟು ಕಟ್ಟಿದ ಹಾಗೆ ಹೊರಗೆ ಲೋಳೆ, ಒಳಗೆ ಒಣ ಪುಡಿಯಾಗಿ ಉಳಿಯುತ್ತದೆ. ಆದ್ದರಿಂದ ಎರಡು ಚಮಚ ಸಕ್ಕರೆಯೊಂದಿಗೆ ಬೆರೆಸಿ, ಮಿಕ್ಸಿ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಉದುರಿಸಬೇಕು. ಬಳಿಕ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಒಳಗೆ ಸೇರಿದ ಗಾಳಿಗುಳ್ಳೆಗಳು ಮೇಲೆ ಬಂದು ಹೋಗುತ್ತವೆ. ಈ ಹಂತವನ್ನು ಬಿಟ್ಟವರ ಮಣಿಗಳು ತೇಲುತ್ತವೆ, ಆಕಾರವೂ ಕೆಡುತ್ತದೆ.

ಮರುದಿನ ಅರ್ಧ ಲೀಟರ್ ನೀರಿನಲ್ಲಿ ಐದು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಸೂಜಿ ತೆಗೆದ ಸಿರಿಂಜಿನಿಂದ ನಾಲ್ಕು ಬೆರಳಿನಷ್ಟು ಎತ್ತರದಿಂದ ಒಂದೊಂದೇ ಹನಿ ಬಿಡಿ. ಹನಿ ನೀರಿಗೆ ತಾಕಿದ ಗಳಿಗೆಯಲ್ಲೇ ಅದರ ಸುತ್ತ ತೆಳುವಾದ ಸಿಪ್ಪೆ ಕಟ್ಟುತ್ತದೆ. ಒಂದು ನಿಮಿಷದೊಳಗೆ ಜಾಲರಿಯಲ್ಲಿ ಸೋಸಿ, ಕಹಿ ಹೋಗುವಂತೆ ಶುದ್ಧ ನೀರಿನಲ್ಲಿ ತೊಳೆಯಿರಿ. ಕ್ಯಾಲ್ಸಿಯಂ ಒಳಕ್ಕೆ ಇಳಿಯುತ್ತಲೇ ಹೋಗುವುದರಿಂದ ತಡಮಾಡಿದರೆ ಮಣಿ ಪೂರ್ತಿ ಗಟ್ಟಿಯಾಗುತ್ತದೆ. ಬೇಗ ತಿನ್ನುವುದೇ ಸರಿ.

ಹಾಲು ಬೆರೆಸಿದ ಕಾಫಿಗೆ ಈ ಕ್ರಮ ಒಗ್ಗುವುದಿಲ್ಲ, ಏಕೆಂದರೆ ಹಾಲಿನಲ್ಲೇ ಕ್ಯಾಲ್ಸಿಯಂ ಇದೆ. ಅಲ್ಲಿ ಕ್ರಮವನ್ನು ತಿರುಗಿಸಬೇಕು: ಕಾಫಿಗೆ ಶೇಕಡ 2ರಷ್ಟು ಕ್ಯಾಲ್ಸಿಯಂ ಲ್ಯಾಕ್ಟೇಟ್ ಬೆರೆಸಿ, ಶೇಕಡ 0.5ರ ಆಲ್ಜಿನೇಟ್ ದ್ರಾವಣದೊಳಕ್ಕೆ ಚಮಚದಿಂದ ಜಾರಿಸಬೇಕು. ಆಗ ಸಿಪ್ಪೆ ಹೊರಮುಖವಾಗಿ ಬೆಳೆದು, ಒಳಗಿನ ಕಾಫಿ ದ್ರವವಾಗಿಯೇ ಉಳಿಯುತ್ತದೆ. ನನಗೆ ಹೆಚ್ಚು ಹಿಡಿಸುವುದು ಈ ವಿಧಾನವೇ.

ಯೀಸ್ಟ್ ಮಣಿಗೆ ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಆಲ್ಜಿನೇಟ್ ಬೇಕು. ಬೇಕರಿಯ ಒಣ ಯೀಸ್ಟ್ ಐದು ಗ್ರಾಮನ್ನು ಸ್ವಲ್ಪ ಬೆಚ್ಚನೆ ನೀರಿನಲ್ಲಿ ಕದಡಿ ಅದಕ್ಕೆ ಸೇರಿಸಿ, ಶೇಕಡ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಸಿ, ಹದಿನೈದು ನಿಮಿಷ ಬಿಡಿ. ಪ್ರಯೋಗಾಲಯದ ರಾಸಾಯನಿಕದಿಂದ ಮಾಡಿದ ಈ ಮಣಿಗಳನ್ನು ಯಾರೂ ತಿನ್ನಬಾರದು. ತೊಳೆದ ಮಣಿಗಳನ್ನು ಸಕ್ಕರೆ ನೀರಿಗೆ ಹಾಕಿ, ಅನಿಲ ಹೊರಹೋಗುವಂತೆ ಮುಚ್ಚಳವನ್ನು ಸಡಿಲವಾಗಿಡಿ. ಸಕ್ಕರೆ ಜೆಲ್ಲಿನ ರಂಧ್ರಗಳ ಮೂಲಕ ಒಳಗೆ ಹೋಗುತ್ತದೆ, ಯೀಸ್ಟ್ ಮಾತ್ರ ಬಹುಪಾಲು ಒಳಗೇ ಉಳಿಯುತ್ತದೆ. ತಳದಲ್ಲಿ ಕೂತಿದ್ದ ಮಣಿಗಳು ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡು ಒಂದೊಂದಾಗಿ ಮೇಲೇಳುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.

1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಸ್ರವಿಸುವ ಕೋಶಗುಚ್ಛಗಳನ್ನು ಆಲ್ಜಿನೇಟ್ ಬಳಸಿ ಕಟ್ಟಿದ ಕೋಶಕಗಳಲ್ಲಿಟ್ಟು, ಮಧುಮೇಹವಿದ್ದ ಇಲಿಗಳ ರಕ್ತದ ಸಕ್ಕರೆಯನ್ನು ಎರಡು-ಮೂರು ವಾರ ಹತೋಟಿಯಲ್ಲಿಟ್ಟಿದ್ದರು. ಗ್ಲೂಕೋಸ್, ಇನ್ಸುಲಿನ್ ದಾಟುವ, ಆದರೆ ದೇಹದ ರಕ್ಷಣಾ ಕೋಶಗಳನ್ನು ತಡೆಯುವ ಗೋಡೆ ಅವರ ಉದ್ದೇಶವಾಗಿತ್ತು. ಅಂಗಾಂಶ ಕೃಷಿಯಲ್ಲಿ ಸಸ್ಯಭ್ರೂಣಗಳನ್ನು ಹೀಗೇ ಹೊದಿಸಿ ಕೃತಕ ಬೀಜ ಮಾಡುತ್ತಾರೆ.

ಪ್ರಯೋಗ ಮುಗಿದ ಮೇಲೆ ಒಂದು ಮಣಿಯನ್ನು ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿಡಿ. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಜೆಲ್ ಕರಗುತ್ತದೆ, ಒಳಗಿದ್ದ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ನೋಡಬಹುದು.