ಬಿಸ್ಕೆಟ್ ಡಬ್ಬಿಯ ಚೀಟಿಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿಗೆ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಮೊದಲ ವರ್ಷ ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಕೊಳೆತ ಒಸಡು, ಕಪ್ಪಾದ ಶ್ವಾಸಕೋಶಗಳ ಚಿತ್ರ ತೋರಿಸಿದೆ. ಹಿಂದಿನ ಬೆಂಚಿನ ಹುಡುಗರು ನಕ್ಕರು. ಎದುರು ಸಾಲಿನ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು. ಬಾಯಿಯ ಕ್ಯಾನ್ಸರಿನಿಂದ ಅವಳ ಅಜ್ಜ ತೀರಿಕೊಂಡು ಮೂರು ತಿಂಗಳಾಗಿತ್ತಷ್ಟೆ. ನಾನು ವಿಚಾರಿಸಿರಲಿಲ್ಲ. ಆ ಮುಖ ಇವತ್ತಿಗೂ ಮರೆತಿಲ್ಲ.

ಮರುವರ್ಷ ಚಿತ್ರಗಳನ್ನು ಬಿಟ್ಟೆ. ಬಿಸ್ಕೆಟ್ ಡಬ್ಬಿಯ ಮುಚ್ಚಳ ಸೀಳಿ ಮೇಜಿನ ಮೇಲಿಟ್ಟು, ಹೆಸರು ಹಾಕದೆ ಪ್ರಶ್ನೆ ಬರೆಯಲು ಹೇಳಿದೆ. ಪ್ರಶ್ನೆ ಇಲ್ಲದವರು 'ಇಲ್ಲ' ಎಂದಾದರೂ ಬರೆಯಲೇಬೇಕು. ಇಲ್ಲದಿದ್ದರೆ ಪೆನ್ನು ಹಿಡಿದವರ ಮೇಲೆಯೇ ಎಲ್ಲರ ಕಣ್ಣು.

'ತುಟಿಯೊಳಗೆ ಇಡುವ ಪೊಟ್ಟಣವೂ ಡ್ರಗ್ಸಾ?' 'ಬಿಡಬೇಕೂಂತ ಹೋಗಿ ಹೇಳಿದರೆ ಪೊಲೀಸಿಗೆ ಕೊಡ್ತಾರಾ?' ಒಂದು ಚೀಟಿ ಮಾತ್ರ ಎಡಗೈಯಲ್ಲಿ ಬರೆದ ಹಾಗೆ ಸೊಟ್ಟಸೊಟ್ಟಗಿತ್ತು: 'ನಾನು ಒಳ್ಳೆ ಮಾರ್ಕು ತೆಗೆದರೆ ಅಪ್ಪ ಕುಡಿಯುವುದು ಬಿಡ್ತಾರಾ ಟೀಚರೇ?'

ಪೊಟ್ಟಣದೊಳಗೆ ಇರುವುದು ನಿಕೋಟಿನ್, ಹೊಗೆ ಇಲ್ಲವೆಂದ ಮಾತ್ರಕ್ಕೆ ಅದು ಸಾಧು ಅಲ್ಲ ಎಂದೆ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ನಿನ ಬಗ್ಗೆಯೂ ಹೇಳಿದೆ: ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ ಪೂರ್ತಿ ಮಾಡಿದರೆ ಅವನಿಗೆ ಆ ಕೇಸಿನಿಂದ ವಿನಾಯಿತಿ ಇದೆ.

ಮೂರನೆಯ ಚೀಟಿಗೆ ಒಂದು ಪೀರಿಯಡ್ ಪೂರ್ತಿ ಬೇಕಾಯಿತು. ಯಾರನ್ನೂ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ: 'ಅದು ನಿನ್ನಿಂದ ಶುರುವಾದದ್ದಲ್ಲ. ಅದರ ಲಗಾಮು ನಿನ್ನ ಕೈಯಲ್ಲಿಲ್ಲ. ಅದನ್ನು ಗುಣಮಾಡುವ ಹೊಣೆಯೂ ನಿನ್ನದಲ್ಲ.' ಕುಡಿಯುವವರ ಮನೆಯವರ ಕೂಟಗಳಲ್ಲಿ ಕಲಿಸುವ ಮಾತುಗಳಿವು. ಬಾಟಲಿ ಅಡಗಿಸಿಡಬೇಡಿ ಎಂದೂ ಸೇರಿಸಿದೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಬಿಡುವುದಕ್ಕೂ ಡಾಕ್ಟರು ಬೇಕು.

'ಚಟ' ಎಂಬ ಪದವನ್ನು ನಾನು ಕ್ಲಾಸಿನಲ್ಲಿ ಬಳಸುವುದಿಲ್ಲ. ಚಟ ಎಂದಕೂಡಲೇ ಮನುಷ್ಯ ಕೆಟ್ಟವನಾಗಿಬಿಡುತ್ತಾನೆ. ಕಾಯಿಲೆ ಎನ್ನುತ್ತೇನೆ. ಇಲ್ಲಿಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಮಿದುಳಿನ ವಿಷಯ ಅದರಿಂದ ದಾಟುವುದಿಲ್ಲ. ಹಾಗಾಗಿ ಅಡಿಕೆ ತೋಟದಲ್ಲಿ ನೀರು ಹರಿಯುವ ಸಣ್ಣ ಕಾಲುವೆಯ, ಅಂದರೆ ಕಣಿಯ, ಹೋಲಿಕೆ ತಂದೆ. ನೀರು ಒಮ್ಮೆ ಹರಿದ ಕಡೆಯೇ ಮತ್ತೆ ಹರಿಯುತ್ತದೆ, ದಿನದಿನಕ್ಕೆ ಕಣಿ ಆಳವಾಗುತ್ತದೆ. ಹದಿಹರೆಯದ ಮಿದುಳು ಇನ್ನೂ ಹಸಿ ಮಣ್ಣು, ತಡೆದು ಯೋಚಿಸುವ ಮುಂಭಾಗ ಬಲಿಯಲು ಇಪ್ಪತ್ತೈದರ ಹತ್ತಿರ ಬೇಕು. ಹೊಸ ಕಣಿ ತೋಡಬಹುದು, ಆದರೆ ಜೋರು ಮಳೆ ಬಂದಾಗ ನೀರು ಹಳೆಯದನ್ನೇ ಹುಡುಕುತ್ತದೆ. ತೋಟದ ಮಕ್ಕಳಿಗೆ ಅಷ್ಟು ಸಾಕಾಯಿತು.

ಕೊನೆಯ ದಿನ ಕುಡಿತ ಬಿಟ್ಟು ಹತ್ತು ತಿಂಗಳಾದ ಒಬ್ಬ ಮೇಸ್ತ್ರಿಯನ್ನು ಕರೆದಿದ್ದೆ. ಬೋಧನೆ ಬೇಡ, ಕೇಳಿದ್ದಕ್ಕೆ ಉತ್ತರಿಸಿದರೆ ಸಾಕು ಎಂದಿದ್ದೆ. ಬೆರಳ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. 'ಈಗಲೂ ಆಸೆ ಆಗ್ತದಾ?' ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. 'ಆಗ್ತದೆ. ಹಸಿವು, ಸಿಟ್ಟು, ಒಂಟಿತನ, ಆಯಾಸ, ಇದರಲ್ಲಿ ಒಂದಿದ್ದರೂ ಆಗ್ತದೆ. ಮೊದಲು ಊಟ ಮಾಡ್ತೇನೆ. ಎರಡು ಸಲ ಬಿಟ್ಟು ಮತ್ತೆ ಹಿಡಿದಿದ್ದೆ. ಇದು ಮೂರನೇದು.' ಈ ಸಲ ಯಾರೂ ನಗಲಿಲ್ಲ.

ಬೋರ್ಡಿನ ಮೇಲೆ ಎರಡು ನಂಬರು ಬರೆದೆ: ವ್ಯಸನ ಬಿಡಲು ನೆರವಾಗುವ ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ 14405, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಬೆಲ್ಲು ಹೊಡೆದು ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಚೀಲ ಸರಿಮಾಡುವ ನೆಪದಲ್ಲಿ ಹಿಂದೆ ಉಳಿದ. ಅಂಗೈ ಮೇಲೆ ನಂಬರು ಬರೆದುಕೊಂಡ. ಎಡಗೈಯಲ್ಲಿ ಪೆನ್ನು ಹಿಡಿದು.